ಮನವಿ ಪತ್ರದ ಎರಡನೇ ಪುಟ: ಶಿರಾಕ್ಕೆ ರನ್‌ವೇ ಕೇಳುವ ಮೊದಲು

ತುಮಕೂರು ಜಿಲ್ಲೆಯ ಶಿರಾದಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟುಕೊಂಡಿರುವ ಹಿರಿಯರೊಬ್ಬರು ನಮ್ಮ ತಂದೆಯ ಕಾಲದ ಪರಿಚಯ. ಊರಿಗೆ ಹೋದಾಗ ಒಂದು ಸಂಜೆ ಕರೆಸಿಕೊಂಡರು. ತಕ್ಕಡಿ ಪಕ್ಕದ ಮೇಜಿನ ಮೇಲೆ ಟೈಪ್ ಮಾಡಿಸಿದ ಮನವಿ ಪತ್ರ ಇತ್ತು. ಕೆಳಗೆ ಇಪ್ಪತ್ತು ಮೂವತ್ತು ಸಹಿ ಬಿದ್ದಿತ್ತು.

"ಇದನ್ನ ಒಂದ್ಸಲ ಓದಪ್ಪ. ತಪ್ಪಿದ್ರೆ ತಿದ್ದು. ನಾಡಿದ್ದು ಮಂತ್ರಿಗಳು ಬರ್ತಾರೆ, ಕೈಗೆ ಕೊಡ್ಬೇಕು" ಅಂದರು.

ಓದಿದೆ. ತಾಲ್ಲೂಕಿನ ಸರ್ವತೋಮುಖ ಅಭಿವೃದ್ಧಿಯ ದೃಷ್ಟಿಯಿಂದ ಶಿರಾದಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಅಥವಾ ಏರ್‌ಸ್ಟ್ರಿಪ್ ಮಾಡಲು ಸೂಕ್ತ ಅನುದಾನ ಬಿಡುಗಡೆ ಮಾಡಬೇಕು ಅಂತ ಒಂದೇ ಪುಟದಲ್ಲಿ ಬರೆದಿದ್ದರು. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ನನ್ನ ಕಣ್ಣು ನಿಂತಿದ್ದು ‘ಅಥವಾ’ ಅನ್ನುವ ಪದದ ಮೇಲೆ.

ಅಂತರರಾಷ್ಟ್ರೀಯ ನಿಲ್ದಾಣಕ್ಕೂ ಏರ್‌ಸ್ಟ್ರಿಪ್‌ಗೂ ನಡುವೆ ಅಷ್ಟು ಸುಲಭವಾಗಿ ‘ಅಥವಾ’ ಹಾಕೋಕೆ ಆಗಲ್ಲ. ಮೊದಲನೆಯದಕ್ಕೆ ಸಾವಿರಾರು ಎಕರೆ ಬೇಕು, ಎರಡನೆಯದು ಸಣ್ಣ ವಿಮಾನಗಳು ಇಳಿದು ಏರುವ ಓಡುಪಟ್ಟಿ, ಕೆಲವು ನೂರು ಎಕರೆಯಲ್ಲಿ ಮುಗಿಯುತ್ತದೆ. ಕೇಳಬೇಕಾದ ಕಚೇರಿ ಬೇರೆ, ದುಡ್ಡಿನ ಮೂಲ ಬೇರೆ, ಅಡ್ಡಿಗಳೂ ಬೇರೆ. ಎರಡನ್ನೂ ಒಂದೇ ವಾಕ್ಯದಲ್ಲಿ ಕೇಳಿದರೆ ಪತ್ರ ಒಂದು ಟೇಬಲ್‌ನಿಂದ ಇನ್ನೊಂದು ಟೇಬಲ್‌ಗೆ ಹೋಗುತ್ತದೆ. ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವುದು’ ಅಂತ ಷರಾ ಬೀಳುತ್ತದೆ. ಅಲ್ಲಿಗೆ ಮುಗಿಯಿತು. ನಮ್ಮ ಜಿಲ್ಲೆಯ ಎಷ್ಟೋ ನ್ಯಾಯವಾದ ಬೇಡಿಕೆಗಳು ಹೀಗೇ ಸತ್ತಿವೆ. ಇದೂ ಹಾಗೆ ಸಾಯಬಾರದು ಅನ್ನೋದೇ ನನ್ನ ಕಾಳಜಿ.

ಅವತ್ತು ರಾತ್ರಿ ಮಂಡಿಯಲ್ಲೇ ಕೂತು ಆ ಮನವಿಗೆ ಎರಡನೇ ಪುಟ ಬರೆಯೋಕೆ ಶುರು ಮಾಡಿದೆವು. ಅದರಲ್ಲಿ ಏನಿರಬೇಕು, ಏನಿರಬಾರದು ಅನ್ನೋದನ್ನ ಇಲ್ಲಿ ಬಿಡಿಸಿ ಹೇಳುತ್ತೇನೆ.

ದೊಡ್ಡದು ಕೇಳಿದರೆ

ದೊಡ್ಡ ನಿಲ್ದಾಣದ ಆಸೆ ನಮ್ಮ ಕಡೆ ಸುಮ್ನೆ ಹುಟ್ಟಿದ್ದಲ್ಲ. ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣ ಬೇಕು ಅನ್ನುವ ಮಾತು ಎದ್ದಾಗ ಶಿರಾ ಶಾಸಕ ಟಿ.ಬಿ. ಜಯಚಂದ್ರ ಅದು ಶಿರಾ ಕಡೆಗೆ ಬರಲಿ ಅಂದರು. ಡಾ. ಜಿ. ಪರಮೇಶ್ವರ ಅವರೂ ತುಮಕೂರಿನ ಪರ ಮಾತಾಡಿದರು. ಆದರೆ ರಾಜ್ಯ ಸರ್ಕಾರ ಕೇಂದ್ರಕ್ಕೆ ಕಳಿಸಿದ ಪಟ್ಟಿಯಲ್ಲಿ ಇದ್ದದ್ದು ಮೂರು ಜಾಗ. ಕನಕಪುರ ರಸ್ತೆ ಕಡೆಯ ಚೂಡಹಳ್ಳಿ ಮತ್ತು ಸೋಮನಹಳ್ಳಿ, ಕುಣಿಗಲ್ ರಸ್ತೆ ಕಡೆಯ ಚಿಕ್ಕಸೋಲೂರು. 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿಕೊಂಡು ಹೋಗಿದ್ದು ಈ ಮೂರನ್ನೇ.

ಇದರ ಹಿಂದೆ ಒಂದು ಕರಾರಿನ ಗಂಟೂ ಇದೆ. ದೇವನಹಳ್ಳಿ ನಿಲ್ದಾಣ ಕಟ್ಟುವ ಮೊದಲು, 2004ರಲ್ಲಿ, ಕೇಂದ್ರ ಸರ್ಕಾರ ಅದನ್ನು ಕಟ್ಟುವ ಕಂಪನಿಗೆ ಒಂದು ಮಾತು ಕೊಟ್ಟಿದೆ. ನಿಲ್ದಾಣ ಶುರುವಾಗಿ 25 ವರ್ಷ ತುಂಬುವ ತನಕ, ಆಕಾಶ ಮಾರ್ಗದಲ್ಲಿ 150 ಕಿ.ಮೀ. ಒಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಅವಕಾಶ ಇಲ್ಲ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ದೇವನಹಳ್ಳಿಯಿಂದ ವಿಮಾನ ಹಾರಲು ಶುರುವಾಗಿದ್ದು 2008ರ ಮೇ 24ಕ್ಕೆ. ಅಂದರೆ 2033ರ ಮೇ ತನಕ ಈ ಕರಾರು ಜೀವಂತ. ಶಿರಾದಿಂದ ದೇವನಹಳ್ಳಿಗೆ ನೇರ ಗೆರೆ ಎಳೆದರೆ ನೂರು ಕಿ.ಮೀ. ಚಿಲ್ಲರೆ.

ಒಪ್ಪಂದದಲ್ಲಿ ಇರೋದು ‘ಅಂತರರಾಷ್ಟ್ರೀಯ’ ಅಂತ, ಹಾಗಾಗಿ ಸಣ್ಣದಕ್ಕೆ ಅಡ್ಡಿ ಇಲ್ಲ ಅಂತ ಕೆಲವರು ವಾದಿಸುತ್ತಾರೆ. ಹೊಸೂರಿನ ಕಥೆ ನೋಡಿದರೆ ಅಷ್ಟು ಧೈರ್ಯ ಬರಲ್ಲ. ಅಲ್ಲಿ ಖಾಸಗಿ ಏರ್‌ಸ್ಟ್ರಿಪ್ ಮೊದಲೇ ಇತ್ತು. ಸಣ್ಣ ಊರುಗಳಿಗೆ ವಿಮಾನ ಓಡಿಸುವ ಕೇಂದ್ರದ ಉಡಾನ್ ಯೋಜನೆಯ ಹರಾಜಿನಲ್ಲೂ ಹೊಸೂರಿನ ಹೆಸರು ಬಂದಿತ್ತು. ಆದರೂ ಇದೇ 150 ಕಿ.ಮೀ. ಕರಾರು ತೋರಿಸಿ ಅದನ್ನು ನಿಲ್ಲಿಸಲಾಯಿತು.

ಹಾಗಾದರೆ ಕೇಳಲೇಬಾರದಾ? ಕೇಳಬೇಕು. ದೊಡ್ಡ ನಿಲ್ದಾಣಕ್ಕೆ ಜಾಗ ಗುರುತಿಸಿ, ಅನುಮತಿ ಪಡೆದು, ಭೂಮಿ ಕೊಂಡು, ಕಟ್ಟಿ ಮುಗಿಸೋಕೆ ಎಂಟು ಹತ್ತು ವರ್ಷ ಹಿಡಿಯುತ್ತದೆ. 2033 ದೂರ ಅಲ್ಲ. ಆದರೆ ಇದು ಅನುದಾನದ ಬೇಡಿಕೆ ಅಲ್ಲವೇ ಅಲ್ಲ. ದೇವನಹಳ್ಳಿಯಂಥ ನಿಲ್ದಾಣವನ್ನು ಸರ್ಕಾರ ಅನುದಾನ ಕೊಟ್ಟು ಕಟ್ಟಲ್ಲ. ಖಾಸಗಿ ಪಾಲುದಾರರನ್ನು ಕರೆದು, ಸಾಲ ಎತ್ತಿ, ಪ್ರಯಾಣಿಕರಿಂದ ಶುಲ್ಕ ತೆಗೆದು ಕಟ್ಟುತ್ತಾರೆ. ಅಲ್ಲಿ ನಾವು ಕೇಳಬೇಕಾದ್ದು ನಮ್ಮ ಜಾಗವನ್ನೂ ಅಳೆಯಿರಿ, ಪಟ್ಟಿಗೆ ಸೇರಿಸಿ ಅಂತ. ಇದು ಒಂದು ಪತ್ರ.

ಸಣ್ಣ ಏರ್‌ಸ್ಟ್ರಿಪ್ ಇನ್ನೊಂದು ಪತ್ರ. ಅನುದಾನ ಅನ್ನುವ ಪದಕ್ಕೆ ಅರ್ಥ ಬರೋದು ಅಲ್ಲಿ.

ದುಡ್ಡು ಎಲ್ಲಿಂದ?

ಮಂಡಿ ಯಜಮಾನರ ಪ್ರಶ್ನೆ ನೇರವಾಗಿತ್ತು. "ಕೇಂದ್ರ ಕೊಡುತ್ತೋ, ರಾಜ್ಯ ಕೊಡುತ್ತೋ?"

ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಿಮಾನ ನಿಲ್ದಾಣ ಕೇಂದ್ರದ ಪಟ್ಟಿಯಲ್ಲಿದೆ. ಹಾಗಂತ ದುಡ್ಡೂ ಕೇಂದ್ರದಿಂದಲೇ ಬರಬೇಕು ಅಂತಿಲ್ಲ. 2008ರ ಗ್ರೀನ್‌ಫೀಲ್ಡ್ ನೀತಿ ಪ್ರಕಾರ, ಏನೂ ಇಲ್ಲದ ಜಾಗದಲ್ಲಿ ಹೊಸ ನಿಲ್ದಾಣ ಕಟ್ಟುವುದಾದರೆ ಮೊದಲು ಜಾಗಕ್ಕೆ ಒಪ್ಪಿಗೆ, ಆಮೇಲೆ ತಾತ್ವಿಕ ಒಪ್ಪಿಗೆ. ಇವೆರಡನ್ನೂ ಕೇಂದ್ರ ಕೊಡುತ್ತದೆ. ಖರ್ಚು ಹೊಂದಿಸಿಕೊಳ್ಳುವ ಹೊಣೆ ಕಟ್ಟುವವರದ್ದು. ಶಿವಮೊಗ್ಗ ಇದಕ್ಕೆ ಒಳ್ಳೆ ಉದಾಹರಣೆ. 2023ರ ಫೆಬ್ರವರಿ 27ರಂದು ಪ್ರಧಾನಿ ಬಂದು ಉದ್ಘಾಟಿಸಿದರು. ಆದರೆ ಸುಮಾರು 450 ಕೋಟಿ ಹಾಕಿದ್ದು ರಾಜ್ಯ. ನಡೆಸುತ್ತಿರುವುದೂ ರಾಜ್ಯವೇ.

ಕೇಂದ್ರದ ಅನುದಾನ ಅಂದರೆ ಎಲ್ಲರ ಬಾಯಲ್ಲೂ ಬರೋದು ಉಡಾನ್. 2016ರ ಅಕ್ಟೋಬರ್‌ನಲ್ಲಿ ಬಂದ ಯೋಜನೆ. ಮೊದಲ ವಿಮಾನ 2017ರ ಏಪ್ರಿಲ್ 27ಕ್ಕೆ ಶಿಮ್ಲಾದಿಂದ ದೆಹಲಿಗೆ ಹಾರಿತು. ಅದೇ ವರ್ಷ ಕೇಂದ್ರ ಸಂಪುಟ 50 ನಿಲ್ದಾಣ, ಏರ್‌ಸ್ಟ್ರಿಪ್‌ಗಳನ್ನು ಸರಿಪಡಿಸೋಕೆ 4,500 ಕೋಟಿ ಒಪ್ಪಿತು. ಆ ದುಡ್ಡು ಮುಖ್ಯವಾಗಿ ಈಗಾಗಲೇ ಇದ್ದು ಪಾಳು ಬಿದ್ದಿರುವ ಅಥವಾ ಕಡಿಮೆ ಬಳಕೆಯಾಗುತ್ತಿರುವ ರನ್‌ವೇಗಳಿಗೆ. ಬಿರುಕು ಮುಚ್ಚಿ ಹೊಸ ಡಾಂಬರು ಹಾಕೋದು, ಉದ್ದ ಮಾಡೋದು, ಬೇಲಿ ಕಟ್ಟೋದು, ಸಣ್ಣ ಟರ್ಮಿನಲ್ ಎಬ್ಬಿಸೋದು, ಇಂಥ ಕೆಲಸಕ್ಕೆ.

ನಮ್ಮಲ್ಲಿ ಸರಿಪಡಿಸೋಕೆ ರನ್‌ವೇನೇ ಇಲ್ಲ, ಅಲ್ವಾ? ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. 615 ಎಕರೆ, 2023ರ ಫೆಬ್ರವರಿ 6ಕ್ಕೆ ಉದ್ಘಾಟನೆ ಆಯಿತು. ಅದರೊಳಗೆ ಹೆಲಿಕಾಪ್ಟರ್‌ಗಳಿಗೆ ಅಂತ ಒಂದು ಹೆಲಿ-ರನ್‌ವೇ ಉಂಟು. ಆದರೆ ಅದು ರಕ್ಷಣಾ ಕಾರ್ಖಾನೆಯ ಸ್ವಂತ ಬಳಕೆಗೆ. ಅದನ್ನು ತೋರಿಸಿ ಉಡಾನ್ ಅನುದಾನ ಕೇಳೋಕೆ ಬರಲ್ಲ.

2025ರ ಕೇಂದ್ರ ಬಜೆಟ್‌ನಲ್ಲಿ ಉಡಾನ್‌ನ ಹೊಸ ರೂಪ ಘೋಷಣೆಯಾಯಿತು. ಮುಂದಿನ ಹತ್ತು ವರ್ಷದಲ್ಲಿ 120 ಹೊಸ ಊರುಗಳಿಗೆ ಸಂಪರ್ಕ ಅಂತ. ಗುಡ್ಡಗಾಡು, ಹಿಂದುಳಿದ ಜಿಲ್ಲೆಗಳು ಮತ್ತು ಈಶಾನ್ಯ ರಾಜ್ಯಗಳ ಸಣ್ಣ ನಿಲ್ದಾಣ, ಹೆಲಿಪ್ಯಾಡ್‌ಗಳಿಗೂ ನೆರವು ಅಂದರು. ಬೆಂಗಳೂರಿನ ಮಗ್ಗುಲಲ್ಲಿರುವ ತುಮಕೂರು ಆ ಸಾಲಿನಲ್ಲಿ ಮುಂದೆ ನಿಲ್ಲೋದು ಕಷ್ಟ ಅನ್ನೋದು ನನ್ನ ಅನಿಸಿಕೆ.

ಇನ್ನೊಂದು ಬಾಗಿಲು ಇದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. 2020-21ರಿಂದ ಕೇಂದ್ರ ರಾಜ್ಯಗಳಿಗೆ ಬಂಡವಾಳ ಕಾಮಗಾರಿಗೆ ಅಂತ 50 ವರ್ಷದ ಬಡ್ಡಿ ಇಲ್ಲದ ಸಾಲ ಕೊಡುತ್ತಿದೆ. 2025-26ರ ಬಜೆಟ್‌ನಲ್ಲಿ ಇದಕ್ಕೆ ಇಟ್ಟಿದ್ದು ಒಂದೂವರೆ ಲಕ್ಷ ಕೋಟಿ. ಹೆಸರು ಸಾಲ, ಆದರೆ ಬಡ್ಡಿ ಇಲ್ಲ, ಐವತ್ತು ವರ್ಷ ಗಡುವು. ಅರ್ಧ ಅನುದಾನ ಅಂತಲೇ ಲೆಕ್ಕ. ರಾಜ್ಯ ಮನಸ್ಸು ಮಾಡಿ ತನ್ನ ಕಾಮಗಾರಿ ಪಟ್ಟಿಗೆ ಸೇರಿಸಬೇಕು. ಹಾಗಾಗಿ ನಮ್ಮ ಮನವಿ ಮೊದಲು ಹೋಗಬೇಕಾದ್ದು ದೆಹಲಿಗಲ್ಲ, ವಿಧಾನಸೌಧಕ್ಕೆ.

ಘೋಷಣೆ ಬೇರೆ, ಖಾತೆಗೆ ಬೀಳುವ ದುಡ್ಡು ಬೇರೆ ಅನ್ನೋದನ್ನ ಶಿರಾದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಕೆರೆ ತುಂಬಬೇಕಾದ ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಘೋಷಣೆ ಆಯಿತು. ಆಮೇಲಿನ ವರ್ಷಗಳಲ್ಲಿ ಆ ದುಡ್ಡು ಬಂದಿಲ್ಲ ಅಂತ ರಾಜ್ಯ ಸರ್ಕಾರ ಕೇಳುತ್ತಲೇ ಬಂದಿದೆ. ತಡವಾದಷ್ಟೂ ಖರ್ಚು ಏರುತ್ತದೆ ಅನ್ನೋದಕ್ಕೆ ಎತ್ತಿನಹೊಳೆ ಇದೆ. 2012ರಲ್ಲಿ 8,323 ಕೋಟಿಯ ಅಂದಾಜು, 2023ರ ಹೊತ್ತಿಗೆ 23,251 ಕೋಟಿ. ಕೋಲಾರ, ಚಿಕ್ಕಬಳ್ಳಾಪುರದವರು ಆ ನೀರಿಗೆ ಇನ್ನೂ ಕಾಯುತ್ತಿದ್ದಾರೆ. ಹಾಗಾಗಿ ರನ್‌ವೇಗೂ ‘ಸೂಕ್ತ ಅನುದಾನ’ ಅಂತ ಬರೆದರೆ ಸಾಲದು. ಯಾವ ವರ್ಷ, ಯಾವ ಲೆಕ್ಕ ಶೀರ್ಷಿಕೆ, ಎಷ್ಟು ಕಂತು ಅಂತ ಬರೆಯಬೇಕು.

ಅಮೆರಿಕದಲ್ಲಿ ಇದು ಹೇಗೆ ನಡೆಯುತ್ತೆ ಅಂತ ನೋಡಿದಾಗ ನನಗೆ ಒಂದು ವಿಷಯ ತುಂಬ ಹಿಡಿಸಿತು. ಅಲ್ಲಿ 1982ರಿಂದ ನಿಲ್ದಾಣ ಸುಧಾರಣೆಗೆ ಅಂತಲೇ ಒಂದು ಯೋಜನೆ ಇದೆ. ಟಿಕೆಟ್ ಮೇಲಿನ ತೆರಿಗೆ, ಇಂಧನ ತೆರಿಗೆ ಒಂದು ನಿಧಿಗೆ ಹೋಗುತ್ತದೆ. ಸಣ್ಣ ಊರಿನ ರನ್‌ವೇ ಕೆಲಸಕ್ಕೆ ಸಾಮಾನ್ಯವಾಗಿ ಖರ್ಚಿನ 90% ಅಲ್ಲಿಂದ ಬರುತ್ತದೆ. ಉಳಿದದ್ದನ್ನು ಊರು ಮತ್ತು ರಾಜ್ಯ ಹಾಕಬೇಕು. ಬದಲಿಗೆ ಊರು ಬರೆದುಕೊಡುತ್ತದೆ: ಸಾಮಾನ್ಯವಾಗಿ 20 ವರ್ಷ ಈ ನಿಲ್ದಾಣ ಮುಚ್ಚಲ್ಲ, ಜಾಗವನ್ನು ಬೇರೆ ಕೆಲಸಕ್ಕೆ ಕೊಡಲ್ಲ, ರನ್‌ವೇ ಕೆಡಲು ಬಿಡಲ್ಲ. ದುಡ್ಡು ಕೇಳುವವರೇ ಇಪ್ಪತ್ತು ವರ್ಷದ ಮಾತು ಕೊಡಬೇಕು. ನಮ್ಮ ಮನವಿಗಳಲ್ಲಿ ಇಲ್ಲದಿರೋದು ಇದೇ. ನಾವು ಏನು ಬೇಕು ಅಂತ ಬರೆಯುತ್ತೇವೆ. ನಮ್ಮ ಕಡೆಯಿಂದ ಏನು ಕೊಡುತ್ತೇವೆ ಅಂತ ಬರೆಯಲ್ಲ.

ಎಷ್ಟು ಉದ್ದ, ಎಷ್ಟು ಜಾಗ

"ಒಂದು ಕಿಲೋಮೀಟ್ರು ರಸ್ತೆ ಥರ ಮಾಡಿದ್ರೆ ಆಗಲ್ವಾ?" ಅಂತ ಮಂಡಿಯಲ್ಲಿ ಒಬ್ಬರು ಕೇಳಿದರು. ಒಳ್ಳೆ ಪ್ರಶ್ನೆ. ಅಲ್ಲೇ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಕೂಡಿಸಿ ಕಳೆದೆವು.

ಉಡಾನ್ ಮಾರ್ಗಗಳಲ್ಲಿ ಹಾರುವ ಎಟಿಆರ್-72 ವಿಮಾನಕ್ಕೆ ಸಮುದ್ರ ಮಟ್ಟದಲ್ಲಿ, ತಂಪು ಹವೆಯಲ್ಲಿ ಸುಮಾರು 1,300 ಮೀಟರ್ ಸಾಕು. ಆದರೆ ಶಿರಾ ಇರೋದು ಸುಮಾರು 660 ಮೀಟರ್ ಎತ್ತರದಲ್ಲಿ. ಎತ್ತರ ಹೋದಂತೆ ಗಾಳಿ ತೆಳುವಾಗುತ್ತದೆ, ರೆಕ್ಕೆಗೆ ಹಿಡಿತ ಸಿಗೋಕೆ ಜಾಸ್ತಿ ಓಡಬೇಕು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪ್ರತಿ 300 ಮೀಟರ್ ಎತ್ತರಕ್ಕೆ 7% ಸೇರಿಸಬೇಕು. ಅದು 1,500 ಮೀಟರ್ ಆಯಿತು. ಇನ್ನು ಬಿಸಿಲು. ಆ ಎತ್ತರಕ್ಕೆ ಇರಬೇಕಾದ ಲೆಕ್ಕದ ಉಷ್ಣಾಂಶ ಹತ್ತೂವರೆ ಹನ್ನೊಂದು ಡಿಗ್ರಿ. ನಮ್ಮ ಏಪ್ರಿಲ್ ಬಿಸಿಲನ್ನು 37 ಅಂದುಕೊಂಡರೂ 26 ಡಿಗ್ರಿ ವ್ಯತ್ಯಾಸ. ಪ್ರತಿ ಡಿಗ್ರಿಗೆ 1% ಸೇರಿಸಿದರೆ 1,900 ಮೀಟರ್ ಹತ್ತಿರ ಬಂತು. ಇದು ಬಾಯಿಲೆಕ್ಕ. ತಿದ್ದುಪಡಿ 35% ದಾಟಿದರೆ ಪ್ರತ್ಯೇಕ ಅಧ್ಯಯನ ಮಾಡಬೇಕು ಅಂತ ನಿಯಮವೇ ಹೇಳುತ್ತದೆ. ಮೈಸೂರಿನಲ್ಲಿ 1,740 ಮೀಟರ್ ರನ್‌ವೇಯಲ್ಲೇ ಎಟಿಆರ್ ಇಳಿದು ಏರಿದೆ. ಆದರೂ ಎರಡು ಕಿ.ಮೀ. ಅಂತ ಇಟ್ಟುಕೊಳ್ಳೋದು ವಿವೇಕ.

ಎರಡು ಕಿ.ಮೀ. ಉದ್ದ, 30 ಮೀಟರ್ ಅಗಲ. ಡಾಂಬರು ಬೀಳುವ ಜಾಗ ಬರೀ 15 ಎಕರೆ. ಅಷ್ಟೇನಾ ಅಂದರು. ಅಷ್ಟೇ ಅಲ್ಲ. ಮಂಜು, ಮಳೆಯಲ್ಲೂ ಯಂತ್ರದ ನೆರವಿನಿಂದ ಇಳಿಯಬೇಕು ಅಂದರೆ ರನ್‌ವೇ ನಡುಗೆರೆಯಿಂದ ಆಚೆ 140, ಈಚೆ 140 ಮೀಟರ್ ಸಮತಟ್ಟಾಗಿ ಖಾಲಿ ಇರಬೇಕು. ಅಲ್ಲಿಗೇ 150 ಎಕರೆ ಆಯಿತು. ಎರಡೂ ತುದಿಯಲ್ಲಿ ವಿಮಾನ ಜಾರಿದರೆ ತಡೆಯೋಕೆ ಸುರಕ್ಷತಾ ಜಾಗ, ಕನಿಷ್ಠ 90 ಮೀಟರ್. 240 ಇದ್ದರೆ ಒಳ್ಳೆಯದು ಅನ್ನುತ್ತದೆ ನಿಯಮ. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ಆ ದಿನ ನೆನಪಿರುವ ಯಾರೂ ಈ 240 ಮೀಟರ್‌ನಲ್ಲಿ ಕಡಿತ ಮಾಡೋಣ ಅನ್ನಲಾರರು.

ಡಾಂಬರಿನ ಲೆಕ್ಕ ಇನ್ನೂ ಒಂದು ಇದೆ. ಬಿಸಿಲಿಗೆ ಸುಟ್ಟು, ಮಳೆಗೆ ನೆಂದು, ಹತ್ತು ಹದಿನೈದು ವರ್ಷಕ್ಕೆ ಮೇಲ್ಪದರ ಹೊಸದಾಗಿ ಹಾಕಬೇಕು. ಐದು ಸೆಂಟಿಮೀಟರ್ ದಪ್ಪ ಹಾಕಿದರೂ 7,200 ಟನ್ ಮಾಲು. ಇಪ್ಪತ್ತು ಟನ್ ಹೊರುವ ಟಿಪ್ಪರ್ ಅಂದರೆ 360 ಲೋಡ್. ಈ ದುಡ್ಡು ಮೊದಲ ಅನುದಾನದಲ್ಲಿ ಬರಲ್ಲ. ಹದಿನೈದು ವರ್ಷ ಆದಮೇಲೆ ಮತ್ತೆ ಕೈಚಾಚಬೇಕು.

ಆಮೇಲೆ ಆಕಾಶ. ನೆಲ ಖಾಲಿ ಇದ್ದರೆ ಸಾಲದು, ಮೇಲೂ ಖಾಲಿ ಇರಬೇಕು. ವಿಮಾನ ಇಳಿಯುವ ದಿಕ್ಕಿನಲ್ಲಿ ಮೊದಲ ಮೂರು ಕಿ.ಮೀ. ತನಕ 50ಕ್ಕೆ 1ರಂತೆ ಏರುವ ಒಂದು ಕಾಣದ ಇಳಿಜಾರು ಎಳೆಯುತ್ತಾರೆ. ಅಂದರೆ ಮೂರು ಕಿ.ಮೀ. ದೂರದಲ್ಲಿ 60 ಮೀಟರ್. ಅದನ್ನು ದಾಟಿ ಏನೂ ಮೇಲೇಳಬಾರದು. ಲೆಕ್ಕ 15 ಕಿ.ಮೀ. ತನಕ ಹೋಗುತ್ತದೆ. ನಮ್ಮ ತುಮಕೂರು, ಆಚೆಯ ಚಿಕ್ಕಬಳ್ಳಾಪುರ, ಕೋಲಾರ, ಈ ಮೂರೂ ಜಿಲ್ಲೆಗಳ ನಕ್ಷೆ ಕಣ್ಣ ಮುಂದೆ ತಂದುಕೊಳ್ಳಿ. ದೇವರಾಯನದುರ್ಗ, ಸಿದ್ಧರಬೆಟ್ಟ, ಮಧುಗಿರಿಯ ಏಕಶಿಲೆ, ಆಚೆ ನಂದಿಬೆಟ್ಟ, ಸ್ಕಂದಗಿರಿ, ಕೋಲಾರದ ಅಂತರಗಂಗೆ. ಎಲ್ಲಿ ನೋಡಿದರೂ ಕಲ್ಲುಬೆಟ್ಟ. ಶಿರಾ ಬಯಲು ಇದರಲ್ಲಿ ನಿಜಕ್ಕೂ ಮೇಲು. ಮನವಿಯಲ್ಲಿ ಎತ್ತಿ ಹೇಳಬೇಕಾದ ಮಾತು ಇದು. ಆದರೆ ಮೂಲ ಪತ್ರದಲ್ಲಿ ಇದರ ಬಗ್ಗೆ ಒಂದಕ್ಷರ ಇರಲಿಲ್ಲ.

ಹಾಗೇ ಮುಚ್ಚಿಡಬಾರದ ಮಾತೂ ಇದೆ. ಶಿರಾ ಪಕ್ಕದ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರವರು ಹುಣಸೆಹಣ್ಣಿನ ಆಸೆ ಬಿಟ್ಟು ಅವನ್ನು ಕಾಯುತ್ತಾರೆ. ವಿಮಾನದ ಎಂಜಿನ್‌ಗೂ ಕೊಕ್ಕರೆಗೂ ಒಂದೇ ಆಕಾಶದಲ್ಲಿ ಜಾಗ ಇಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಹುಲ್ಲುಗಾವಲಿದೆ. ನೋಡೋಕೆ ಖಾಲಿ ಬಯಲು, ಆದರೆ ಖಾಲಿ ಅಲ್ಲ. ರನ್‌ವೇ ಜಾಗ ಇವೆರಡರಿಂದ ಎಷ್ಟು ದೂರ ಅಂತ ನಾವೇ ಮೊದಲು ಬರೆದರೆ ಮುಂದೆ ಕೋರ್ಟಿನಲ್ಲಿ ಬೇರೆಯವರು ಬರೆಯುವ ಪ್ರಸಂಗ ಬರಲ್ಲ.

ಜಮೀನು

ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಮ್ಮ ಮನೆಯ 22 ಗುಂಟೆ ರಸ್ತೆ ಅಗಲೀಕರಣಕ್ಕೆ ಹೋಯಿತು. ಅಳತೆ ಕಲ್ಲು ನೆಟ್ಟ ದಿನ ಅಪ್ಪ ತೆಂಗಿನ ಗಿಡಗಳನ್ನು ಎಣಿಸಿ ಚೀಟಿಯಲ್ಲಿ ಬರೆದಿಟ್ಟುಕೊಂಡರು, ಹದಿನಾಲ್ಕು. ಕಚೇರಿಯ ಪಟ್ಟಿಯಲ್ಲಿ ಒಂಬತ್ತು ಬಂತು. ಉಳಿದ ಐದು ಗಿಡಕ್ಕಾಗಿ ಅವರು ಆರು ವರ್ಷ ಅಲೆದರು. ದುಡ್ಡಿಗಿಂತ ಜಾಸ್ತಿ, ನಾನು ಸುಳ್ಳು ಹೇಳಿಲ್ಲ ಅಂತ ಸಾಬೀತು ಮಾಡೋಕೆ ಅಲೆದರು.

ಉಡಾನ್‌ನಂಥ ಕೇಂದ್ರದ ಯೋಜನೆಯಲ್ಲಿ ಒಂದು ಷರತ್ತು ಇರುತ್ತದೆ. ರಾಜ್ಯ ಜಮೀನನ್ನು ಪುಕ್ಕಟೆಯಾಗಿ, ತಕರಾರಿಲ್ಲದೆ ಕೊಡಬೇಕು. ಕೇಳೋಕೆ ಸಣ್ಣ ಮಾತು. ಮೈಸೂರಿನ ರನ್‌ವೇಯನ್ನು 1,740ರಿಂದ 2,750 ಮೀಟರ್‌ಗೆ ಬೆಳೆಸುವ ಯೋಚನೆ ಎಷ್ಟೋ ವರ್ಷದಿಂದ ಇದೆ. ಪಕ್ಕದಲ್ಲೇ ನಂಜನಗೂಡು ಹೆದ್ದಾರಿ, ಚಾಮರಾಜನಗರದ ರೈಲು ಹಳಿ. ರೈತರ ಜಮೀನು. ಕೆಲಸ ಎಳೆಯುತ್ತಲೇ ಬಂತು. ಮೊದಲೇ ಒಂದು ಕಿ.ಮೀ. ಜಾಸ್ತಿ ಜಾಗ ಹಿಡಿದಿಟ್ಟಿದ್ದರೆ ಆ ಪರದಾಟ ಇರುತ್ತಿರಲಿಲ್ಲ.

ಚಿಕ್ಕಬಳ್ಳಾಪುರದ ಮಗ್ಗುಲಲ್ಲಿರುವ, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಏರೋಸ್ಪೇಸ್ ಪಾರ್ಕಿಗೆ 1,777 ಎಕರೆ ಕೊಡಲ್ಲ ಅಂತ ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತರು. 2025ರ ಜುಲೈ 15ಕ್ಕೆ ಮುಖ್ಯಮಂತ್ರಿಗಳು ಆ ಭೂಸ್ವಾಧೀನ ಕೈಬಿಟ್ಟೆವು ಅಂತ ಹೇಳಬೇಕಾಯಿತು. ಇನ್ನೊಂದು ದಾರಿ ನಮ್ಮದೇ ಜಿಲ್ಲೆಯ ಪಾವಗಡದಲ್ಲಿದೆ. ಅಲ್ಲಿ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಬೇಕಾದಾಗ ರೈತರಿಂದ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ 5% ಏರಿಕೆ. ಪಹಣಿ ರೈತರ ಹೆಸರಲ್ಲೇ ಉಳಿಯಿತು. ರನ್‌ವೇ ಜಾಗವನ್ನು ಹಾಗೆ ಗುತ್ತಿಗೆಗೆ ಇಟ್ಟುಕೊಳ್ಳೋಕೆ ಆಗಲ್ಲ, ಒಡೆತನವೇ ಬೇಕು. ಆದರೆ ಸುತ್ತಲಿನ ಗೋದಾಮು, ಪಾರ್ಕಿಂಗ್, ಮುಂದಿನ ವಿಸ್ತರಣೆಯ ಜಾಗಕ್ಕೆ ಈ ಮಾದರಿ ಯಾಕೆ ಬೇಡ?

ಸರ್ಕಾರಿ ಗೋಮಾಳ ಇದೆಯಲ್ಲ ಅನ್ನುತ್ತಾರೆ. ಪಹಣಿಯಲ್ಲಿ ಗೋಮಾಳ. ನೆಲದ ಮೇಲೆ ಹೋಗಿ ನೋಡಿದರೆ ಬಗರ್‌ಹುಕುಂ ಅರ್ಜಿ ಹಾಕಿಕೊಂಡು ಎರಡು ತಲೆಮಾರಿನಿಂದ ಕಡಲೆಕಾಯಿ, ರಾಗಿ ಬಿತ್ತುತ್ತಿರುವವರು. ಅವರ ಹೆಸರು ಯಾವ ಪರಿಹಾರ ಪಟ್ಟಿಯಲ್ಲೂ ತಾನಾಗಿ ಬರಲ್ಲ. ಅವರನ್ನು ಬಿಟ್ಟು ಮಾಡುವ ಯಾವ ರನ್‌ವೇಯೂ ನನಗೆ ಬೇಡ. ಇದನ್ನು ಮಂಡಿಯಲ್ಲೂ ಹೇಳಿದೆ.

ವಿಮಾನ ಬರುತ್ತಾ?

ಬಾಗೇಪಲ್ಲಿ ದಾಟಿ ಕೊಡಿಕೊಂಡ ಚೆಕ್‌ಪೋಸ್ಟ್ ಆಚೆ ಹೋದರೆ ಪುಟ್ಟಪರ್ತಿ. ಅಲ್ಲಿ 1990ರಲ್ಲೇ ಸತ್ಯಸಾಯಿ ಟ್ರಸ್ಟ್ ನಿಲ್ದಾಣ ಕಟ್ಟಿತು. ಎರಡು ಕಿ.ಮೀ. ಮೀರಿದ ಒಳ್ಳೆ ರನ್‌ವೇ. ಲಕ್ಷಾಂತರ ಭಕ್ತರು ಬರುವ ಊರು. ಆದರೂ ಖಾಯಂ ವಿಮಾನ ಸೇವೆ ಅಲ್ಲಿ ನಿಲ್ಲಲಿಲ್ಲ.

ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2023ರಲ್ಲಿ ಉಡಾನ್ ಬಗ್ಗೆ ಕೊಟ್ಟ ವರದಿ ಎಲ್ಲರೂ ಓದಬೇಕಾದ್ದು. ಉಡಾನ್-3ರ ತನಕ ಕೊಟ್ಟ ಮಾರ್ಗಗಳು 774. ಅದರಲ್ಲಿ ಶುರುವಾಗಿದ್ದು 371. ಸಬ್ಸಿಡಿ ಸಿಗುವ ಮೂರು ವರ್ಷ ಪೂರ್ತಿ ಮುಗಿಸಿದ್ದು 112. ಸಬ್ಸಿಡಿ ನಿಂತ ಮೇಲೂ, 2023ರ ಮಾರ್ಚ್ ತನಕ ಉಳಿದದ್ದು 54. ನಮ್ಮ ಬೀದರ್‌ನಲ್ಲೂ ವಿಮಾನ ನಿಂತು, ರಾಜ್ಯ ಸರ್ಕಾರವೇ ನೆರವು ಕೊಟ್ಟು 2025ರ ಏಪ್ರಿಲ್‌ನಲ್ಲಿ ಮತ್ತೆ ಶುರು ಮಾಡಿಸಬೇಕಾಯಿತು.

ರನ್‌ವೇ ಅನುದಾನ ಒಂದು ಸಲದ್ದು. ಅಗ್ನಿಶಾಮಕ ಗಾಡಿ, ಅದರ ಸಿಬ್ಬಂದಿ, ಪೊಲೀಸರು, ಆಂಬುಲೆನ್ಸ್, ಹವಾಮಾನ ಯಂತ್ರ, ರಾತ್ರಿ ದೀಪ, ಹುಲ್ಲು ಕತ್ತರಿಸೋದು, ಹಕ್ಕಿ ಓಡಿಸೋದು ಪ್ರತಿ ದಿನದ್ದು. ಉಡಾನ್‌ನಲ್ಲಿ ವಿಮಾನ ಕಂಪನಿಗೆ ಕೊಡುವ ನಷ್ಟ ಭರ್ತಿಯಲ್ಲೂ ರಾಜ್ಯದ ಪಾಲು 20%. ಪೊಲೀಸು, ಅಗ್ನಿಶಾಮಕ ಸೇವೆ ರಾಜ್ಯವೇ ಬಿಟ್ಟಿಯಾಗಿ ಕೊಡಬೇಕು. ದಿನಕ್ಕೆ ಒಂದು ಎಟಿಆರ್ ಬಂದರೆ ಎಪ್ಪತ್ತು ಚಿಲ್ಲರೆ ಸೀಟು. ಶಿರಾ, ತುಮಕೂರಿನಿಂದ ಯಾರು ಎಲ್ಲಿಗೆ ಹಾರುತ್ತಾರೆ? ಮುಂಬೈಗೆ ಹೋಗುವವರು ಈಗಲೇ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿಕೊಳ್ಳುತ್ತಾರೆ. ಅಲ್ಲಿ ದಿನವಿಡೀ ವಿಮಾನ ಇದೆ.

ಹಾಗಾಗಿ ಬರೀ ಪ್ರಯಾಣಿಕರನ್ನು ನಂಬಿ ಶಿರಾದಲ್ಲಿ ಸಣ್ಣ ನಿಲ್ದಾಣ ಕೇಳೋದು ನನ್ನ ಮನಸ್ಸಿಗೆ ಒಪ್ಪುತ್ತಿಲ್ಲ. ಪೈಲಟ್ ತರಬೇತಿ ಶಾಲೆ, ಡ್ರೋನ್ ಮತ್ತು ಹೆಲಿಕಾಪ್ಟರ್ ಪರೀಕ್ಷೆ, ವಿಮಾನ ರಿಪೇರಿ, ವಸಂತನರಸಾಪುರದ ಕಾರ್ಖಾನೆಗಳ ಸರಕು, ಇವುಗಳ ಸುತ್ತ ಯೋಚಿಸಿದರೆ ಅರ್ಥ ಇದೆ. ಜಿಲ್ಲೆಯಲ್ಲಿ ಎಚ್‌ಎಎಲ್ ಇದೆ, ಕೈಗಾರಿಕಾ ಪ್ರದೇಶ ಇದೆ, ಐಟಿಐ ಮುಗಿಸಿ ಕೂತ ಹುಡುಗರಿದ್ದಾರೆ.

ಚಿಕ್ಕಬಳ್ಳಾಪುರ, ಕೋಲಾರದ ವಿಷಯ ಇನ್ನೂ ಸರಳ. ಅವರಿಗೆ ಸ್ವಂತ ರನ್‌ವೇ ಬೇಕಿಲ್ಲ, ಇರುವುದನ್ನು ಸುಲಭವಾಗಿ ಮುಟ್ಟಬೇಕು. ಚಿಕ್ಕಬಳ್ಳಾಪುರದ ರೈಲು ಮಾರ್ಗದಲ್ಲೇ 2021ರಿಂದ ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್ ಇದೆ. ಆ ಹಳಿಯ ಮೇಲೆ ರೈಲು ಜಾಸ್ತಿ ಓಡಲಿ. ಗುಲಾಬಿ, ಸೇವಂತಿಗೆ ಕಟಾವಾದ ಬೆಳಗ್ಗೆಯೇ ಸರಕು ವಿಭಾಗ ತಲುಪುವಂತೆ ಶೀತಲ ಗೋದಾಮು ಬರಲಿ. ಕೋಲಾರದ ಟೊಮೆಟೊ, ಶ್ರೀನಿವಾಸಪುರದ ಮಾವಿಗೂ ಅದೇ. ರನ್‌ವೇಗೆ ಹಾಕುವ ದುಡ್ಡಿನ ಹತ್ತರಲ್ಲಿ ಒಂದು ಭಾಗಕ್ಕೆ ಇಷ್ಟೂ ಆಗಬಹುದು ಅಂತ ನನಗನಿಸುತ್ತದೆ.

ರಾತ್ರಿ ಹತ್ತಾಗಿತ್ತು. ಎರಡನೇ ಪುಟ ಮುಗಿದಾಗ ಅದರಲ್ಲಿ ಕೋಟಿಗಳ ಲೆಕ್ಕ ಇರಲಿಲ್ಲ. ಕೇಳಿದ್ದು ಮೂರೇ. ಎರಡನೇ ನಿಲ್ದಾಣದ ಅಧ್ಯಯನಕ್ಕೆ ಶಿರಾ ಬಯಲನ್ನೂ ಸೇರಿಸಿ. ಬೆಟ್ಟ, ಹಕ್ಕಿ, ಗಾಳಿಯ ದಿಕ್ಕು ಸೇರಿದ ಅಡೆತಡೆ ಸರ್ವೆಗೆ ಈ ವರ್ಷದ ರಾಜ್ಯ ಬಜೆಟ್‌ನಲ್ಲಿ ದುಡ್ಡಿಡಿ. ಸರ್ವೆ ನಂಬರ್‌ವಾರು ಉಳುತ್ತಿರುವವರ ಹೆಸರು ಗ್ರಾಮಸಭೆಯಲ್ಲಿ ಓದಿ ಪಟ್ಟಿ ಮಾಡಿ. ‘ಅಥವಾ’ ಅನ್ನುವ ಪದವನ್ನು ಯಜಮಾನರೇ ಪೆನ್ನಲ್ಲಿ ಹೊಡೆದು ಹಾಕಿದರು.

"ಹಂಗಾದ್ರೆ ರನ್‌ವೇ ದುಡ್ಡು ಯಾವಾಗ ಕೇಳೋದು?" ಅಂದರು.

"ಈ ಮೂರಕ್ಕೆ ಉತ್ತರ ಬಂದ ಮೇಲೆ, ಅಣ್ಣ."

ಅವರು ಗ್ರಾಮ ನಕ್ಷೆಯ ಜೆರಾಕ್ಸ್ ಬಿಡಿಸಿಕೊಂಡರು. ಕನ್ನಡಕ ಏರಿಸಿ ಒಂದೊಂದೇ ನಂಬರ್ ಮೇಲೆ ಬೆರಳು ಇಟ್ಟು ನೋಡುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. "ಇದು ನಮ್ಮ ತಂಗಿ ಕೊಟ್ಟಿರೋ ಮನೆಯವರ ಜಮೀನು ಕಣಪ್ಪ" ಅಂದರು. ನಕ್ಷೆ ಮಡಚಿದರು. ನಾಳೆ ಬೆಳಗ್ಗೆ ಅವರನ್ನೂ ಕರೆಸುತ್ತೇನೆ, ಸಹಿ ಪುಟ ಇವತ್ತಿಗೆ ಹಾಗೇ ಇರಲಿ ಅಂತ ಹೇಳಿ ಮಂಡಿಯ ದೀಪ ಆರಿಸಿದರು.